ವೇಣಿಯ ಗರಗರ ಸೋಪು

"ಕೈ ನಿಲ್ಲಿಸಬೇಡ ಕಣೇ. ಗಟ್ಟಿ ಆಗೋವರೆಗೂ ತಿರುಗಿಸ್ತಾನೇ ಇರ್ಬೇಕು," ಎಂದಳು ವಸಂತಮ್ಮ.

"ನನ್ನ ಕೈ ಬಿದ್ದೇ ಹೋಗುತ್ತೆ ಅಮ್ಮ," ಎಂದು ವೇಣಿ ಗೊಣಗಿದಳು. ಆದರೂ ಸೌಟು ಬಿಡಲಿಲ್ಲ.

ಬೆಂಗಳೂರಿನ ಲಗ್ಗೆರೆಯ ಅವರ ಮನೆಯ ತಾರಸಿಯಲ್ಲಿ ಸೋಪು ತಯಾರಾಗುತ್ತಿತ್ತು. ಮುಂದಿನ ತಿಂಗಳು ಶಾಲೆಯಲ್ಲಿ ಸೈನ್ಸ್ ಎಕ್ಸಿಬಿಷನ್. ಮುಖಕ್ಕೆ ಹಚ್ಚುವ ಗುಲಾಬಿ ಬಣ್ಣದ ಸೋಪು ಮಾಡಿ ತರುತ್ತೇನೆಂದು ಐದನೇ ಕ್ಲಾಸಿನ ವೇಣಿ ಎಲ್ಲರೆದುರು ಹೇಳಿಬಿಟ್ಟಿದ್ದಳು. ಹಿಂದೆ ಒಂದು ಸಲವೂ ಮಾಡಿದವಳಲ್ಲ.

ಕಾಸ್ಟಿಕ್ ಸೋಡಾ ಚರ್ಮ ಸುಡುತ್ತದೆಂದು ಅದನ್ನು ಅಮ್ಮನೇ ನೀರಿಗೆ ಹಾಕಿದ್ದಳು, ಮೂಗಿಗೆ ಟವೆಲ್ ಕಟ್ಟಿಕೊಂಡು. ಆಮೇಲೆ ಕೊಬ್ಬರಿ ಎಣ್ಣೆ ಸೇರಿತು. ವೇಣಿಯ ಕೈಯಲ್ಲಿ ಅಪ್ಪನ ದೊಡ್ಡ ರಬ್ಬರ್ ಗ್ಲೌಸು ಜೋತಾಡುತ್ತಿತ್ತು.

ಕೊನೆಗೂ ಗಟ್ಟಿಯಾಯಿತು. ಆದರೆ ಮೊಸರಿನ ಹಾಗೆ ಬೆಳ್ಳಗಿತ್ತು. ಅಮ್ಮ ಡಬ್ಬಿ ತರಲು ಕೆಳಗಿಳಿದಳು. ವೇಣಿಗೆ ತಾಳ್ಮೆ ಮೊದಲೇ ಕಮ್ಮಿ. ಮೆಟ್ಟಿಲ ಪಕ್ಕದ ಗೂಡಿನಲ್ಲಿ ಸಂಕ್ರಾಂತಿಗೆ ತಂದು ಉಳಿದಿದ್ದ ಗುಲಾಬಿ ರಂಗೋಲಿ ಪುಡಿ ಇತ್ತು. ಇಡೀ ಪ್ಯಾಕೆಟ್ ಸುರಿದು ಕಲಸಿದಳು. ಬಣ್ಣವೇನೋ ಸಕ್ಕತ್ತಾಗಿ ಬಂತು.

ಹಳೇ ಐಸ್‌ಕ್ರೀಮ್ ಡಬ್ಬಿಯಲ್ಲಿ ಹೊಯ್ದು, ಮಾರನೇ ದಿನ ಎಂಟು ಬಿಲ್ಲೆ ಕತ್ತರಿಸಿ, ಒಂದು ತಿಂಗಳು ಅಟ್ಟದ ಮೇಲೆ ಒಣಗಿಸಿದ್ದಾಯಿತು.

ಎಕ್ಸಿಬಿಷನ್ನಿನ ಹಿಂದಿನ ಸಂಜೆ ಮೇಲಿನ ಮನೆಯ ಪ್ರಿಯಾಂಕಾ ಬಂದು ಒಂದು ಬಿಲ್ಲೆಯನ್ನು ಕೈಗೆ ಉಜ್ಜಿಕೊಂಡಳು.

"ಇದೇನೇ, ಗರಗರ ಅಂತಿದೆ? ಸೋಪಲ್ಲ ಕಣೇ, ಇಟ್ಟಿಗೆ. ಇದ್ರಲ್ಲಿ ಮುಖ ತೊಳೆದ್ರೆ ಮೂಗೇ ಸವೆದುಹೋಗುತ್ತೆ."

ವೇಣಿ ತಾನೂ ಉಜ್ಜಿ ನೋಡಿದಳು. ಚರ್ಮ ಉರಿಯಿತು. ರಂಗೋಲಿ ಪುಡಿ ಎಂದರೆ ಕಲ್ಲಿನ ಪುಡಿ ಎಂಬುದು ಆಗ ನೆನಪಾಯಿತು. ಬಿಲ್ಲೆಯನ್ನು ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಕ್ಕಿ ಒಳಗೆ ಹೋಗಿ ಅತ್ತಳು. ನಾಳೆ ಕ್ಲಾಸಿನವರೆಲ್ಲ ನಗುತ್ತಾರೆ.

ಅಷ್ಟರಲ್ಲಿ ಅಪ್ಪ ರಾಜೇಂದ್ರ ಪೀಣ್ಯದ ವರ್ಕ್‌ಶಾಪಿನಿಂದ ಬಂದ. ಲೇತ್ ಮಷೀನಿನ ಕೆಲಸ ಅವನದು. ಎಷ್ಟು ತೊಳೆದರೂ ಅವನ ಕೈಯಿಂದ ಗ್ರೀಸ್ ಹೋಗುತ್ತಿರಲಿಲ್ಲ. ಅವನು ತುತ್ತು ಕೊಡಲು ಬಂದರೆ ವೇಣಿ ಮುಖ ತಿರುಗಿಸುತ್ತಿದ್ದಳು.

"ವಸಂತಾ, ಇದ್ಯಾವ ಸೋಪು?" ಎಂದು ಅಪ್ಪ ಹಿತ್ತಲಿನಿಂದ ಕೂಗಿದ.

ವೇಣಿ ಓಡಿದಳು. "ಅಪ್ಪ, ಉಜ್ಜಬೇಡ, ಅದು ಹಾಳಾಗಿದೆ."

"ಹಾಳಾಗಿದ್ಯಾ? ನೋಡಿಲ್ಲಿ."

ಅಪ್ಪನ ಕೈಯ ಗ್ರೀಸ್ ಮಾಯವಾಗಿತ್ತು, ಉಗುರಿನ ಸಂದಿಯಿಂದಲೂ. ಅಂಗೈ ಮಾತ್ರ ಗುಲಾಬಿಯಾಗಿತ್ತು.

"ಮದುಮಗಳ ಕೈ ಥರ ಇದೆ ಅಂಕಲ್," ಎಂದಳು ಹಿಂದೆಯೇ ಬಂದ ಪ್ರಿಯಾಂಕಾ.

"ಕರೀ ಕೈಗಿಂತ ವಾಸಿ ಬಿಡಮ್ಮ," ಎಂದು ಅಪ್ಪ ಜೋರಾಗಿ ನಕ್ಕ. ವೇಣಿಗೂ ನಗು ತಡೆಯಲಾಗಲಿಲ್ಲ.

ಊಟಕ್ಕೆ ಕೂತಾಗ ಅಪ್ಪ ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ಅವಳ ಬಾಯಿಯ ಹತ್ತಿರ ಹಿಡಿದ. ವೇಣಿ ಮುಖ ತಿರುಗಿಸಲಿಲ್ಲ.

"ಅಪ್ಪ, ನಿಮ್ಮ ವರ್ಕ್‌ಶಾಪಲ್ಲಿ ಎಷ್ಟು ಜನ ಇದೀರಾ?"

"ನನ್ನೂ ಸೇರಿಸಿ ಏಳು. ಯಾಕೆ?"

ವೇಣಿ ಊಟ ಮುಗಿಸಿದಳು. ಕೈ ತೊಳೆದು ಬಂದು ಎಕ್ಸಿಬಿಷನ್ನಿಗೆ ಬರೆದಿಟ್ಟಿದ್ದ ಚಾರ್ಟಿನಲ್ಲಿದ್ದ 'ಮುಖಕ್ಕೆ' ಎಂಬ ಪದ ಹೊಡೆದುಹಾಕಿ, ಮೇಲೆ 'ಅಪ್ಪಂದಿರ ಕೈಗೆ' ಎಂದು ಬರೆದಳು. ಒಂದು ಬಿಲ್ಲೆಯನ್ನು ಸ್ಕೂಲ್ ಬ್ಯಾಗಿಗೆ ಹಾಕಿಕೊಂಡಳು. ಉಳಿದ ಏಳನ್ನು ಪೇಪರಿನಲ್ಲಿ ಕಟ್ಟಿ, ಅಪ್ಪನ ಟಿಫನ್ ಡಬ್ಬಿಯ ಪಕ್ಕ ಇಟ್ಟಳು.