ಡ್ರಾಯರಿನಲ್ಲಿ ಉಳಿದ ಕೆಂಪು ಕಾಂಟ್ಯಾಕ್ಟ್

ಅವನು ಕೌಂಟರಿನ ಮೇಲೆ ತಂದಿಟ್ಟದ್ದು ಒಂದು ಐಸ್ ತುಂಡು!

ಗೋಣಿತಾಟಿನಲ್ಲಿ ಸುತ್ತಿದ್ದ, ಉಮಿ ಮೆತ್ತಿಕೊಂಡಿದ್ದ, ತೆಂಗಿನಕಾಯಿ ಗಾತ್ರದ ತುಂಡು. ಹರ್ಷಿಣಿ ನೋಡುತ್ತಿದ್ದಂತೆಯೇ ಅದರ ನೀರು ಅವಳ ಬಿಲ್ ಪುಸ್ತಕದ ಕಡೆಗೆ ಹರಿಯತೊಡಗಿತು.

"ಎಂತ ಇದು? ಇಲ್ಲಿ ಕರೆಂಟಿನ ಸಾಮಾನು ಉಂಟು. ನಿಮಗೆ ಕಾಣುವುದಿಲ್ವಾ?"

"ನನಗ ಕಾಣ್ತೈತ್ರಿ ಮೇಡಂ. ನೀವು ಕಳಿಸಿದ ಸೆನ್ಸರಿಗೆ ಐಸ್ ಕಾಣವಲ್ದು."

ಎತ್ತರದ ಆಳು. ಮೈಯಿಂದ ಅಮೋನಿಯಾದ ಸಣ್ಣ ವಾಸನೆ. ಕಾಪುವಿನ ಕೂಸಪ್ಪಣ್ಣನ ಐಸ್ ಪ್ಲಾಂಟಿನ ಎಲೆಕ್ಟ್ರಿಷಿಯನ್, ಹೆಸರು ಹನುಮೇಶ, ಊರು ಕೊಪ್ಪಳದ ಕಡೆ.

ಅವನು ಸೆನ್ಸರನ್ನು ಕೌಂಟರಿನ ಟೆಸ್ಟರಿಗೆ ಜೋಡಿಸಿದ. ಸ್ಕ್ರೂಡ್ರೈವರ್ ಹತ್ತಿರ ಹಿಡಿದರೆ ದೀಪ ಹೊತ್ತಿಕೊಂಡಿತು. ಐಸ್ ಹಿಡಿದರೆ... ಊಹೂಂ.

ಹರ್ಷಿಣಿಯ ಮುಖ ಬಿಸಿಯಾಯಿತು. ಲೋಹ ಮಾತ್ರ ಗುರುತಿಸುವ ಸೆನ್ಸರನ್ನು ಐಸ್ ಪ್ಲಾಂಟಿಗೆ ಕಳಿಸಿದ್ದಳು! ಮಣಿಪಾಲದ ಕೈಗಾರಿಕಾ ಪ್ರದೇಶದಲ್ಲಿದ್ದ ಲಿಯೋನೆಲ್ ಸರ್ ಅಂಗಡಿಗೆ ಸುತ್ತಲಿನ ಕಾರ್ಖಾನೆಗಳೆಲ್ಲ ಫೋನ್ ಮಾಡುತ್ತಿದ್ದವು. ಯಾವ ಮೆಷಿನ್‌ಗೆ ಯಾವ ಕಂಟ್ರೋಲರ್, ಎಂಥ ಸೆನ್ಸರ್, ಎಷ್ಟು ವೋಲ್ಟಿನ ರಿಲೇ ಸ್ವಿಚ್ಚು ಎಂದು ಆರಿಸಿ ಕೊಡುವವಳು ಅವಳು. "ಹರ್ಷಿಣಿ ಕೊಟ್ಟದ್ದನ್ನು ಮತ್ತೆ ನೋಡಬೇಕಾಗಿಲ್ಲ" ಎಂದು ಲಿಯೋನೆಲ್ ಸರ್ ಬಂದವರಿಗೆಲ್ಲ ಹೇಳಿ ಹೇಳಿ ಅವಳ ತಲೆಗೂ ಅದು ಸ್ವಲ್ಪ ಏರಿತ್ತು.

'ನನ್ನ ತಪ್ಪು' ಎಂಬ ಎರಡು ಶಬ್ದ ನಾಲಗೆಯ ತುದಿಗೆ ಬಂತು. ಆದರೆ ಹೊರಬಿದ್ದದ್ದು ಬೇರೆ.

"ನಿಮ್ಮ ಧನಿಗಳು ಫೋನಿನಲ್ಲಿ ಸರಿಯಾಗಿ ಹೇಳಬೇಕಿತ್ತು."

"ಹೌದ್ರಿ, ಅವರು ಹೇಳಬೇಕಿತ್ತು" ಎಂದು ಒಪ್ಪಿಕೊಂಡ ಹನುಮೇಶ, ಹೆಗಲ ಮೇಲಿದ್ದ ಟವೆಲಿನಿಂದ ಕೌಂಟರ್ ಒರೆಸಿದ. ನಗಲಿಲ್ಲ, ಕೊಂಕು ಆಡಲಿಲ್ಲ. ಅದೇ ಅವಳಿಗೆ ಹೆಚ್ಚು ಚುಚ್ಚಿತು.

ನೀರನ್ನೂ ಐಸನ್ನೂ ಗುರುತಿಸುವ ಬೇರೆ ಸೆನ್ಸರ್ ಕೊಟ್ಟು ಕಳಿಸಿದಳು. ಅವನು ಹೋದ ಮೇಲೆ ಬಿಲ್ ಪುಸ್ತಕಕ್ಕೆ ಅಂಟಿದ್ದ ಉಮಿಯನ್ನು ಒಂದೊಂದೇ ಹೆಕ್ಕುತ್ತ ಕುಳಿತವಳಿಗೆ ಯಾಕೋ ನಗು ಬಂತು.

ಅದು ಎರಡು ಸಾವಿರದ ನಾಲ್ಕರ ಜೂನ್ ತಿಂಗಳು. ಬೋಟುಗಳು ದಡದಲ್ಲಿದ್ದವು. ಅವು ನೀರಿಗಿಳಿಯುವುದರೊಳಗೆ ಪ್ಲಾಂಟಿನಲ್ಲಿ ಐಸ್ ಪುಡಿಮಾಡುವ ಹೊಸ ಮೆಷಿನ್ ಓಡಬೇಕು ಎಂದು ಕೂಸಪ್ಪಣ್ಣ ಹಟ ಹಿಡಿದಿದ್ದರು. ಹಾಗಾಗಿ ಹನುಮೇಶ ವಾರಕ್ಕೆರಡು ಸಲ ಬರತೊಡಗಿದ. ಒಮ್ಮೆ ರಿಲೇ, ಒಮ್ಮೆ ಕೇಬಲ್, ಒಮ್ಮೆ ಏನೂ ಇಲ್ಲದೆ ಬರಿಗೈಯಲ್ಲಿ.

"ಇವತ್ತು ಎಂತ ಬೇಕು?"

"ಏನಿಲ್ರಿ... ಈ ಕಡೆ ಬಂದಿದ್ದೆ."

ಕಾಪುವಿನಿಂದ ಮಣಿಪಾಲಕ್ಕೆ ಎರಡು ಬಸ್ಸು ಬದಲಾಯಿಸಿ 'ಈ ಕಡೆ' ಬರುವವನನ್ನು ನೋಡಿ ಲಿಯೋನೆಲ್ ಸರ್ ಕನ್ನಡಕದ ಮೇಲಿಂದ ಹುಬ್ಬೇರಿಸುತ್ತಿದ್ದರು. ಹರ್ಷಿಣಿ ಕ್ಯಾಟಲಾಗಿನಲ್ಲಿ ಮುಖ ಹುದುಗಿಸುತ್ತಿದ್ದಳು. ಪ್ರೀತಿ ಹುಟ್ಟುವುದಕ್ಕೆ ಹೂದೋಟವೇ ಬೇಕೆಂದೇನೂ ಇಲ್ಲವಲ್ಲ. ಇವರದ್ದು ರಿಲೇ ಡಬ್ಬಿಗಳ ನಡುವೆಯೇ ಹುಟ್ಟಿತು. ಇಬ್ಬರೂ ಬಾಯಿಬಿಟ್ಟು ಹೇಳಲಿಲ್ಲ, ಅಷ್ಟೇ.

ಆಗಸ್ಟಿನಲ್ಲಿ ಮೆಷಿನ್ ಚಾಲೂ ಮಾಡುವ ದಿನ ಅವಳೇ ಕಾಪುವಿಗೆ ಹೋದಳು. ಎಲ್ಲ ಸರಿಯಿತ್ತು, ಒಂದನ್ನು ಬಿಟ್ಟು.

ಮೆಷಿನ್ ಪಕ್ಕದ ತುರ್ತು ನಿಲುಗಡೆ ಗುಂಡಿಯ ಒಳಗೆ ಕರೆಂಟನ್ನು ಕೂಡಿಸುವ, ಕಡಿಯುವ ಒಂದು ಸಣ್ಣ ಬಿಡಿಭಾಗ, ಕಾಂಟ್ಯಾಕ್ಟ್, ಇರುತ್ತದೆ. ಅದರಲ್ಲಿ ಎರಡು ಜಾತಿ. ಕೆಂಪು ಬಣ್ಣದ್ದು ಗುಂಡಿ ಒತ್ತುವವರೆಗೂ ಕೂಡಿಕೊಂಡಿರುತ್ತದೆ. ಗುಂಡಿ ಒತ್ತಿದರೂ, ತಂತಿ ತುಂಡಾದರೂ ಕರೆಂಟ್ ಕಡಿದು ಮೆಷಿನ್ ನಿಲ್ಲುತ್ತದೆ. ಹಸಿರಿನದ್ದು ಒತ್ತಿದಾಗ ಮಾತ್ರ ಕೂಡುತ್ತದೆ. ತಂತಿ ಕೆಟ್ಟಿದ್ದರೆ ಎಷ್ಟು ಒತ್ತಿದರೂ ಸುದ್ದಿ ಮುಟ್ಟುವುದಿಲ್ಲ. ನಿಲುಗಡೆಗೆ ಕೆಂಪೇ ಹಾಕಬೇಕು. ಅದು ಅಂಗಡಿಯಲ್ಲಿ ಮುಗಿದಿತ್ತು.

"ನಾಳೆ ಬೋಟು ಇಳಿಯುತ್ತದೆ ಮಾರಾಯ್ತಿ. ಎಂತಾದರೂ ಮಾಡು" ಎಂದು ಕೂಸಪ್ಪಣ್ಣ ಕೈ ಮುಗಿಯುವುದೊಂದು ಬಾಕಿ.

ಅವಳು ಹಸಿರನ್ನೇ ಹಾಕಿ, ಕಂಟ್ರೋಲರಿನ ಪ್ರೋಗ್ರಾಂ ಅದಕ್ಕೆ ತಕ್ಕಂತೆ ತಿದ್ದಿದಳು. ಒತ್ತಿ ನೋಡಿದಳು. ನಿಂತಿತು.

"ಕೆಂಪು ಮಂಗಳೂರಿನಿಂದ ಬರುತ್ತದೆ. ಎರಡು ದಿನದಲ್ಲಿ ನಾನೇ ಬಂದು ಬದಲಾಯಿಸುತ್ತೇನೆ" ಎಂದಳು ಹನುಮೇಶನಿಗೆ.

"ಬರ್ರಿ. ಕಾಯ್ತೀನಿ" ಎಂದ ಅವನು. ಆ 'ಕಾಯ್ತೀನಿ' ಬಸ್ಸಿನಲ್ಲಿ ಉದ್ಯಾವರದ ಮನೆಯವರೆಗೂ ಅವಳ ಜೊತೆಗೆ ಬಂತು.

ಕೆಂಪು ಕಾಂಟ್ಯಾಕ್ಟ್ ಎರಡೇ ದಿನಕ್ಕೆ ಬಂತು. ಹರ್ಷಿಣಿ ಅದನ್ನು ಬ್ಯಾಗಿಗೆ ಹಾಕಿ ಹೊರಡುವಷ್ಟರಲ್ಲಿ ಪ್ಲಾಂಟಿನ ಕೆಲಸಗಾರ ಭೀಮೇಶ ಯಾವುದೋ ಫ್ಯೂಸಿಗೆಂದು ಅಂಗಡಿಗೆ ಬಂದ. ಹನುಮೇಶನ ಊರಿನವನೇ. ಮಾತಿನ ನಡುವೆ ಅಂದ,

"ಹನುಮೇಶಂದೇನ್ರಿ, ಚಿಂತಿ ಇಲ್ಲ. ಅವರ ಅಕ್ಕನ ಮಗಳು ನಾಗವೇಣಿನ್ನ ಹುಟ್ಟಿದಾಗಿಂದ ಅವಂಗಂತ ಹೇಳಿಟ್ಟಾರ."

ಹರ್ಷಿಣಿ ಹೆಗಲಿಗೇರಿಸಿದ್ದ ಬ್ಯಾಗನ್ನು ಕೆಳಗಿಳಿಸಿದಳು. ಅಕ್ಕನ ಮಗಳು! ಅವರ ಕಡೆ ಅದು ಸಹಜವಂತೆ. ಹರ್ಷಿಣಿಯ ತುಳುವರಲ್ಲಿ ಅಕ್ಕನ ಮಗಳು ತನ್ನದೇ ಬಳಿಯವಳು, ಎಂದರೆ ತಾಯಿಯಿಂದ ಬರುವ ಒಂದೇ ಕುಲದವಳು, ಮಗಳ ಸಮಾನ. ಅಂಥ ಮಾತು ಯಾರೂ ಎತ್ತುವುದಿಲ್ಲ. ಆದರೆ ಅವಳಿಗೆ ನೋವಾದದ್ದು ಪದ್ಧತಿಯಿಂದಲ್ಲ.

'ನನಗೆ ಒಂದು ಮಾತು ಹೇಳಬಹುದಿತ್ತಲ್ಲ... ನಾನು ಕೌಂಟರಿನ ಹುಡುಗಿ ಮಾತ್ರವಾ ಅವರಿಗೆ?'

ಕೆಂಪು ಕಾಂಟ್ಯಾಕ್ಟನ್ನು ಬ್ಯಾಗಿನಿಂದ ತೆಗೆದು ಡ್ರಾಯರಿಗೆ ಎಸೆದಳು. ಬೇಕಿದ್ದರೆ ಅವನೇ ಬರಲಿ.

ಅವನು ಬರಲಿಲ್ಲ. ಇವಳು ಹೋಗಲಿಲ್ಲ. ಎರಡು ದಿನ ಎಂದದ್ದು ಮೂರು ವಾರವಾಯಿತು.

ಸುದ್ದಿ ತಂದವರು ಅಮ್ಮ, ರತ್ನಾವತಿ. ಮೀನಿನ ಬುಟ್ಟಿ ಇಳಿಸುತ್ತ ಹೇಳಿದರು, "ಕಾಪು ಐಸ್ ಪ್ಲಾಂಟಿನ ಕರೆಂಟ್ ಕೆಲಸದ ಹುಡುಗನ ಕೈ ಮೆಷಿನ್‌ಗೆ ಸಿಕ್ಕಿತಂತೆ. ಎರಡು ಬೆರಳು ಹೋಯಿತು ಪಾಪ. ನಿಲ್ಲಿಸುವ ಗುಂಡಿ ಇತ್ತಂತೆ, ಒತ್ತಲೇ ಇಲ್ಲವಂತೆ. ಎಂತ ಅಜಾಗ್ರತೆ ಅಲ್ವಾ?"

ಒತ್ತಲಿಲ್ಲ... ಹಾಗಾದರೆ ಗುಂಡಿಯದ್ದಲ್ಲ. ಹಾಗಾದರೆ ನನ್ನದಲ್ಲ.

ಒಂದು ಕ್ಷಣ ಹರ್ಷಿಣಿಗೆ ಹಾಯೆನಿಸಿತು. ಅವನ ಬೆರಳು ಹೋದ ಸುದ್ದಿ ಕೇಳಿ ತನಗೆ ಹಾಯೆನಿಸಿತಲ್ಲ! ಆ ಒಂದು ಕ್ಷಣವನ್ನು ಅವಳು ಮುಂದೆಂದೂ ಕ್ಷಮಿಸಿಕೊಳ್ಳಲಿಲ್ಲ.

ಮಾರನೆಯ ದಿನ ಕೆಂಪು ಕಾಂಟ್ಯಾಕ್ಟ್ ಹಿಡಿದು ಪ್ಲಾಂಟಿಗೆ ಓಡಿದಳು. ಗುಂಡಿಯ ಡಬ್ಬಿ ಬಿಚ್ಚಿದರೆ, ಉಪ್ಪುಗಾಳಿಗೆ ತಂತಿಯ ತುದಿ ಕಿಲುಬು ಹಿಡಿದು ಕಳಚಿಕೊಂಡಿತ್ತು. ಹಿಂದೆ ನಿಂತಿದ್ದ ಭೀಮೇಶ ಮೆಲ್ಲಗೆ ಹೇಳಿದ,

"ಒತ್ತಿದ್ದ ನೋಡ್ರಿ ಮೇಡಂ. ಮೆಷಿನ್ ಬಾಯಿಗೆ ಸಿಕ್ಕ ಗೋಣಿ ಎಳಿಯಾಕ ಹೋಗಿ ಕೈಗವಸು ಸಿಕ್ಕೊಂಡಿತು. ಮೂರು ಸಲ ಒತ್ತಿದ. ನಾ ಓಡಿಹೋಗಿ ಮೇನ್ ಸ್ವಿಚ್ ಎಳದೆ. ಆದ್ರ ಧನಿಯರ ಮುಂದ ಅವನೇ 'ಒತ್ತಲಿಲ್ಲ, ಮರತೆ' ಅಂದಾನ. ನೀ ಸುಮ್ಮನಿರು ಅಂತ ನನಗೂ ಆಣಿ ಹಾಕ್ಯಾನ."

ಹರ್ಷಿಣಿ ಹಸಿರನ್ನು ಕಿತ್ತು ಕೆಂಪನ್ನು ಹಾಕಿ, ಪ್ರೋಗ್ರಾಮನ್ನೂ ಅದಕ್ಕೆ ತಕ್ಕಂತೆ ತಿದ್ದಿದಳು. ಮೂರು ವಾರದಿಂದ ಬಾಕಿಯಿದ್ದ ಆ ಕೆಲಸಕ್ಕೆ ಹಿಡಿದದ್ದು ನಾಲ್ಕೇ ನಿಮಿಷ.

ಅಲ್ಲಿಂದ ಉಡುಪಿಯ ಆಸ್ಪತ್ರೆಗೆ ಹೋದಳು. ವಾರ್ಡಿನ ಬಾಗಿಲವರೆಗೆ ಮಾತ್ರ. ಒಳಗೆ ಹನುಮೇಶ ಮಲಗಿದ್ದ. ಎರಡು ಜಡೆಯ ಹುಡುಗಿಯೊಬ್ಬಳು ಅವನಿಗೆ ಗಂಜಿ ಕುಡಿಸುತ್ತಿದ್ದಳು. ನಾಗವೇಣಿ ಇವಳೇ ಇರಬೇಕು. ಹರ್ಷಿಣಿ ಬಂದ ಕಾಲಲ್ಲೇ ತಿರುಗಿದಳು. ಅಸೂಯೆಯೂ ಇತ್ತು, ನಿಜ. ಆದರೆ ಅವಳನ್ನು ತಿರುಗಿಸಿದ್ದು ಹೆದರಿಕೆ. ಆ ಎರಡು ಶಬ್ದ ಆಡುವ ಹೆದರಿಕೆ.

ಹೀಗೆ ಐದು ತಿಂಗಳು ಕಳೆದವು. ಯಾರಾದರೂ ನಿಲುಗಡೆ ಗುಂಡಿ ಕೇಳಿದರೆ ಒಳಗೆ ಕೆಂಪೇ ಇದೆಯಾ ಎಂದು ಬಿಚ್ಚಿ ನೋಡಿಯೇ ಕೊಡುತ್ತಿದ್ದಳು. ಊಟ ರುಚಿಸುತ್ತಿರಲಿಲ್ಲ. ತನ್ನ ಹತ್ತು ಬೆರಳನ್ನು ನೋಡಿದರೂ ನಾಚಿಕೆಯಾಗುತ್ತಿತ್ತು.

ಜನವರಿಯ ಒಂದು ಬೆಳಿಗ್ಗೆ ಕೂಸಪ್ಪಣ್ಣ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕುಳಿತು ಲಿಯೋನೆಲ್ ಸರ್ ಜೊತೆ ಮಾತಿಗಿಳಿದರು.

"ಆ ಹನುಮೇಶ ಈಗ ಕಾರ್ಕಳದಲ್ಲಿ ಕಲ್ಲು ಪಾಲಿಶ್ ಮಾಡುವಲ್ಲಿ ಸೇರಿದ್ದಾನೆ. ಮೆಷಿನ್ ಅವನ ಕೈಗೆ ಕೊಡಬಹುದಾ ಅಂತ ಅಲ್ಲಿಯ ಧನಿ ಫೋನ್ ಮಾಡಿದ್ದರು. ಬೇಡ, ಅಜಾಗ್ರತೆಯ ಜನ ಅಂತ ಹೇಳಿಬಿಟ್ಟೆ."

ಹರ್ಷಿಣಿಯ ಕೈಯಲ್ಲಿದ್ದ ರಿಲೇ ನೆಲಕ್ಕೆ ಬಿತ್ತು.

"ಅಜಾಗ್ರತೆ ಅವರದ್ದಲ್ಲ" ಎಂದಳು. ದನಿ ತನ್ನದೇ ಎಂದು ಅವಳಿಗೇ ನಂಬಿಕೆಯಾಗಲಿಲ್ಲ. "ಅವರು ಮೂರು ಸಲ ಒತ್ತಿದ್ದರು. ಗುಂಡಿಯಲ್ಲಿ ನಾನು ಹಾಕಿದ್ದು ಹಸಿರು. ಕೆಂಪು ಬಂದು ಮೂರು ವಾರ ಈ ಡ್ರಾಯರಿನಲ್ಲಿತ್ತು. ನಾನು ತರಲಿಲ್ಲ."

ಕೂಸಪ್ಪಣ್ಣ ಸ್ಟೂಲಿನಿಂದ ಎದ್ದು ನಿಂತರು.

"ಐದು ತಿಂಗಳು ಎಂತ ಮಾಡ್ತಿದ್ದಿ ಮಾರಾಯ್ತಿ?" ಕೂಸಪ್ಪಣ್ಣನ ಮುಖ ಕೆಂಪೇರಿತ್ತು. "ಅವನನ್ನು ನಾನು ಆಸ್ಪತ್ರೆಯಲ್ಲೇ ಬೈದಿದ್ದೇನೆ. ಬೆರಳು ಹೋದವನನ್ನು!"

ಕೂಸಪ್ಪಣ್ಣ ಅಲ್ಲಿಯ ಫೋನಿನಿಂದಲೇ ಕಾರ್ಕಳಕ್ಕೆ ಕರೆ ಮಾಡಿ, ತಾನು ಹೇಳಿದ್ದು ಸುಳ್ಳು, ಹುಡುಗ ಚೊಕ್ಕ ಕೆಲಸದವ ಎಂದರು.

ಲಿಯೋನೆಲ್ ಸರ್ ಬಿದ್ದ ರಿಲೇಯನ್ನು ಎತ್ತಿಟ್ಟರು. "ನಿನ್ನ ಕೆಲಸದ ವಿಷಯ ಆಮೇಲೆ ಮಾತಾಡುವ. ಮೊದಲು ಅವನ ಹತ್ತಿರ ಹೋಗು."

ಕಾರ್ಕಳ ಬಸ್‌ಸ್ಟ್ಯಾಂಡಿನಿಂದ ರಿಕ್ಷಾದಲ್ಲಿ ಹತ್ತು ನಿಮಿಷ. ಶೆಡ್ಡಿನ ತುಂಬ ಕಲ್ಲಿನ ಬಿಳಿ ಕೆಸರು, ಕಿವಿಗಡಚಿಕ್ಕುವ ಮೆಷಿನ್ ಸದ್ದು. ಹನುಮೇಶ ಅವಳನ್ನು ಕಂಡು ನಿಂತುಬಿಟ್ಟ. ಎಡಗೈಯನ್ನು ಬೆನ್ನ ಹಿಂದೆ ಸರಿಸಿದ.

"ನನ್ನ ತಪ್ಪು" ಎಂದಳು ಹರ್ಷಿಣಿ.

ಕೇಳಿಸಲಿಲ್ಲವೆಂದು ಅವನು ತಲೆಯಾಡಿಸಿದ. ಮತ್ತೊಮ್ಮೆ ಹೇಳಿದಳು. ಮೂರನೆಯ ಸಲ ಕೂಗಿದಳು. ಸದ್ದಿನಲ್ಲಿ ಅದೂ ಮುಳುಗಿಹೋಯಿತು. ಮೂರು ಸಲ ಒತ್ತಿದರೂ ಮುಟ್ಟದಿದ್ದಾಗ ಅವನಿಗೆ ಹೇಗಾಗಿರಬೇಕು ಎಂದು ನೆನೆದು ಅವಳ ಕಣ್ಣು ತುಂಬಿತು.

ಹನುಮೇಶ ಮೆಷಿನ್ ಹತ್ತಿರ ಹೋಗಿ ಗುಂಡಿಯ ಡಬ್ಬಿ ತೆರೆದು, ಸ್ಕ್ರೂ ಸಡಿಲಿಸಿ, ಒಂದು ತಂತಿಯನ್ನು ಹೊರಗೆಳೆದ. ಗುಂಡಿ ಮುಟ್ಟಲೇ ಇಲ್ಲ. ಮೆಷಿನ್ ನಿಂತಿತು.

ಡಬ್ಬಿಯೊಳಗೆ ಕೆಂಪು ಇತ್ತು.

"ಈಗ ಹೇಳ್ರಿ" ಎಂದ.

ಕೂಗಿ ಹೇಳುವುದು ಸುಲಭವಿತ್ತು. ಈ ನಿಶ್ಶಬ್ದದಲ್ಲಿ ಹೇಳುವುದು...

"ನನ್ನ ತಪ್ಪು, ಹನುಮೇಶ. ಎರಡು ದಿನ ಅಂದು ಬರಲಿಲ್ಲ. ನಿಮಗೆ ಮದುವೆ ನಿಶ್ಚಯವಾಗಿದೆ ಅಂತ ಸಿಟ್ಟಿನಲ್ಲಿ ಬರಲಿಲ್ಲ. ನನ್ನ ಸಿಟ್ಟಿಗೆ ನಿಮ್ಮ ಬೆರಳು ಹೋಯಿತು."

ಅವನು ಸ್ಕ್ರೂಡ್ರೈವರನ್ನು ಮೆಷಿನ್ ಮೇಲಿಟ್ಟ.

"ನಾಗವೇಣಿ ಇನ್ನಾ ಹತ್ತನೇತ್ತ ಓದಾಕತ್ಯಾಳ್ರಿ. ಆಕಿ ನಾ ಎತ್ತಿ ಆಡಿಸಿದ ಕೂಸು, ಆಗಂಗಿಲ್ಲ ಅಂತ ವರ್ಷದ ಹಿಂದೇನ ಅಕ್ಕಗ ಹೇಳೀನಿ. ಬೆರಳು ಹೋಗೋ ತನಕ ಅಕ್ಕ ನನ್ನ ಕೂಡ ಮಾತು ಬಿಟ್ಟಿದ್ದಳು. ಮುಗಿದ ಮಾತು ಅಂತ ನಿಮಗ ಹೇಳಲಿಲ್ಲ."

"ಒತ್ತಲಿಲ್ಲ ಅಂತ ಯಾಕೆ ಹೇಳಿದಿರಿ?"

"ನಾನು ಎಲೆಕ್ಟ್ರಿಷಿಯನ್ ಅಲ್ಲೇನ್ರಿ? ಒಳಗ ಹಸಿರು ಐತಿ ಅಂತ ಗೊತ್ತಿತ್ತು. ಎರಡು ಬಸ್ ಹತ್ತಿ ಬಂದಿದ್ರ ನಾನ ತರಬಹುದಿತ್ತು. ತಂದುಬಿಟ್ರ ನೀವು ಬರೋ ನೆಪ ಹೋಗ್ತಿತ್ತು..." ಅವನು ನೆಲ ನೋಡಿದ. "ನೀವು ಬರಲಿ ಅಂತ ಮೂರು ವಾರ ಆ ಮೆಷಿನ್ ಹಂಗ ಓಡಿಸೀನಿ. ಭೀಮೇಶನ ಕೈ ಹೋಗಿದ್ರ? ನಿಮ್ಮ ಹೆಸರು ಹೇಳಾಕ ನನಗ ಯಾವ ಬಾಯಿ ಇತ್ರಿ?"

ಹರ್ಷಿಣಿ ಕಣ್ಣೊರೆಸಿಕೊಂಡಳು. "ಅದರಿಂದ ನನ್ನದು ಕಡಿಮೆಯಾಗುವುದಿಲ್ಲ."

"ಆಗಂಗಿಲ್ರಿ. ನಂದೂ ಆಗಂಗಿಲ್ಲ."

ಅವಳು ಕೈ ಚಾಚಿದಳು. ಅವನು ಹಿಂಜರಿದು, ಬೆನ್ನ ಹಿಂದಿದ್ದ ಎಡಗೈಯನ್ನು ಮುಂದೆ ತಂದ. ಉಳಿದ ಮೂರು ಬೆರಳನ್ನು ಅವಳು ಎರಡೂ ಅಂಗೈಯಲ್ಲಿ ಹಿಡಿದು, ಅತ್ತುಬಿಟ್ಟಳು. ಅವನು ಅಳಬೇಡಿ ಎನ್ನಲಿಲ್ಲ.

ಆಮೇಲೆ ಅವನು ಡಬ್ಬಿ ಹಿಡಿದುಕೊಂಡ, ಅವಳು ತಂತಿಯನ್ನು ಮತ್ತೆ ಕೂರಿಸಿ ಸ್ಕ್ರೂ ಬಿಗಿದಳು. ಎರಡೆರಡು ಸಲ ಎಳೆದು ನೋಡಿದಳು.

"ಮತ್ತ ಯಾವಾಗ ಬರ್ತೀರಿ?"

'ಎರಡು ದಿನ' ಎನ್ನಲು ಹೊರಟು ನಾಲಗೆ ಕಚ್ಚಿಕೊಂಡಳು.

"ನಾಳೆ. ಹನ್ನೊಂದರ ಬಸ್ಸಿಗೆ."

"ಬರದಿದ್ರ?"

"ಬರದಿದ್ದರೆ ಕಾಯುತ್ತ ಕೂರಬೇಡಿ. ನೀವೇ ಬನ್ನಿ."

"ಬರ್ತೀನ್ರಿ" ಎಂದ ಹನುಮೇಶ. "ಹನ್ನೊಂದೂ ಕಾಲಿಗೇ ಹೊಂಡ್ತೀನಿ."