ಒಂದು ಮಿಸ್ಡ್ ಕಾಲ್ ಕೊಡು

ಕಾಪು ಬಸ್‌ಸ್ಟ್ಯಾಂಡಿನಲ್ಲಿ ಬೆನ್ನ ಹಿಂದಿನಿಂದ "ಲಕ್ಷಿತ್" ಎಂದು ಶರ್ಮಿಳಾಳ ಧ್ವನಿ ಕೇಳಿತು. ಅವನು ತಿರುಗಲಿಲ್ಲ. ತಿರುಗಲು ಜೀವ ಒದ್ದಾಡುತ್ತಿತ್ತು, ಆದರೂ ಮೊಬೈಲ್ ತೆಗೆದು ಆ್ಯಪ್ ತೆರೆದ.

ಕಳೆದ ವರ್ಷ, ಅವಳು ಮಂಗಳೂರಿನಲ್ಲಿ ಲ್ಯಾಬ್ ಟ್ರೈನಿಂಗಿನಲ್ಲಿದ್ದಾಗ, ಇದೇ ಧ್ವನಿಯ ಬೆನ್ನು ಹತ್ತಿ ಅವನು ಕಡಲಿಗಿಳಿದಿದ್ದ. ಬಲೆ ಎಳೆಯುತ್ತಿದ್ದವರು ದಡಕ್ಕೆ ತಂದರು. ಮಣಿಪಾಲದ ಡಾಕ್ಟರು ಮಾತ್ರೆಯ ಜೊತೆಗೆ ಈ ಆ್ಯಪನ್ನೂ ಕೊಟ್ಟರು. ಧ್ವನಿ ಕೇಳಿದಾಗಲೆಲ್ಲ ಅದರದ್ದು ಒಂದೇ ಪ್ರಶ್ನೆ: 'ಹತ್ತಿರದವರಿಗೂ ಕೇಳಿಸಿತೇ?'

ಒಳ್ಳೆಯ ಪ್ರಶ್ನೆಯೇ. ಆದರೆ ಪಕ್ಕದಲ್ಲಿ ಮೀನುಬುಟ್ಟಿ ಹಿಡಿದು ನಿಂತ ಹೆಂಗಸಿನ ಹತ್ತಿರ, ನನ್ನನ್ನು ಯಾರಾದರೂ ಅಷ್ಟು ಪ್ರೀತಿಯಿಂದ ಕರೆದರಾ ಎಂದು ಹೇಗೆ ಕೇಳುವುದು?

ಅಷ್ಟರಲ್ಲಿ ಶರ್ಮಿಳಾಳೇ ಎದುರಿಗೆ ಬಂದು ನಿಂತಳು. ಸಿಟ್ಟಿಗೆ ಮೂಗಿನ ತುದಿ ಕೆಂಪಾಗಿತ್ತು. ಅಬ್ಬಾ, ಆ ಮೂಗು!

"ಎಂತ ಮಾರಾಯ, ಮೂರು ಸಲ ಕರೆದೆ. ಇಡೀ ಬಸ್‌ಸ್ಟ್ಯಾಂಡೇ ತಿರುಗಿತು, ನಿನ್ನೊಬ್ಬನನ್ನು ಬಿಟ್ಟು! ಹೋದ ವಾರ ಉಡುಪಿಯಲ್ಲಿಯೂ ಹೀಗೇ. ನಾನು ಬೇಡ ಅಂತಾದರೆ ಬಾಯಿಬಿಟ್ಟು ಹೇಳು."

ಬೇಡವಂತೆ! ಕಾಲೇಜಿನ ಮೂರು ವರ್ಷ ಅವಳು ಹತ್ತುವ ಬಸ್ಸಿಗಾಗಿ ತನ್ನ ಬಸ್ಸು ಬಿಟ್ಟವನಿಗೆ ಈ ಮಾತು. ಹೇಳಿದರೆ ಅವಳು ದೂರವಾಗಬಹುದು, ಹೇಳದಿದ್ದರೆ ಈಗಲೇ ಹೋಗುತ್ತಾಳೆ.

"ಬೇಡ ಅಂತಲ್ಲ," ಎಂದ. "ನನಗೆ ಇಲ್ಲದ ಧ್ವನಿಗಳು ಕೇಳುತ್ತವೆ. ಕಾಯಿಲೆ. ಈಗ ಕಡಿಮೆ ಉಂಟು. ಆದರೆ ಅದರಲ್ಲಿ ನಿನ್ನ ಧ್ವನಿಯೂ ಉಂಟು. ಅದನ್ನು ನಂಬಿ ಒಮ್ಮೆ ಕಡಲಿಗಿಳಿದಿದ್ದೆ."

"ಅದು ಎಂತ ಹೇಳ್ತದೆ?"

"ಬಾ ಅಂತ."

ಅವಳ ಕಣ್ಣು ತುಂಬಿತು. "ನಾನು ಹೇಳಬೇಕು ಅಂತ ಇಟ್ಟುಕೊಂಡಿದ್ದ ಮಾತು. ನನಗಿಂತ ಮೊದಲೇ ಹೇಳಿಬಿಟ್ಟಿತಲ್ಲ ಅದು."

"ಶಿರ್ವ, ಬೆಳ್ಮಣ್, ಕಾರ್ಕಳ!" ಎಂದು ಕಂಡಕ್ಟರ್ ಕೂಗಿದ. ಶರ್ಮಿಳಾ ಕೆಲಸಕ್ಕೆ ಹೋಗುವ ಬಸ್ಸು. ಅವಳು ಓಡಿ ಹತ್ತಿದಳು. ಲಕ್ಷಿತ್ ತಲೆ ತಗ್ಗಿಸಿ ಬೆಂಚಿನ ಮೇಲೆ ಕುಳಿತ. ಬಸ್ಸು ಹೊರಟ ಸದ್ದಾಯಿತು. ಹೋದಳು, ಮುಗಿಯಿತು ಅಂದುಕೊಂಡ.

"ಲಕ್ಷಿತ್, ಬಾ."

ಅವಳದೇ ಧ್ವನಿ. ಅವನು ಕಣ್ಣು ಮುಚ್ಚಿದ. ತಿರುಗಲಿಲ್ಲ.

ಕೈಯಲ್ಲಿದ್ದ ಮೊಬೈಲ್ ಒಂದೇ ಸಲ ರಿಂಗಾಗಿ ನಿಂತಿತು. ಪರದೆಯ ಮೇಲೆ ಒಂದು ಮಿಸ್ಡ್ ಕಾಲ್, ಶರ್ಮಿಳಾಳದ್ದು.

ತಿರುಗಿದ. ಬಸ್ಸು ಹೋಗಿತ್ತು, ಅವಳು ಹೋಗಿರಲಿಲ್ಲ. ಬ್ಯಾಗು ಹೆಗಲಿಗೆ ಹಾಕಿ ಇಳಿದುಬಂದವಳು, ಮೊಬೈಲ್ ಎತ್ತಿ ತೋರಿಸುತ್ತ ನಿಂತಿದ್ದಳು.

"ಇನ್ನು ನಾನು ಕರೆದರೆ ಇದೂ ಬರ್ತದೆ," ಎಂದಳು. "ಇದು ಬಾರದೆ ಯಾವ ಶರ್ಮಿಳಾ ಕರೆದರೂ ಹೋಗಬೇಡ. ಈಗ ಬಾ."

ಲಕ್ಷಿತ್ ಎದ್ದು ಹೋದ.