ಬಿಸಿಯಾದ ಮೇಲೆ ನಿರ್ದೋಷಿ

ದೋಷದರ್ಶಕವು ಎಂಟು ಕಾಲುಗಳನ್ನು ಬಾನೆಟ್ಟಿನ ಮೇಲೆ ಊರಿ, ತನ್ನ ನುಣುಪಾದ ಹೊಟ್ಟೆಯನ್ನು ತಗಡಿಗೆ ಒತ್ತಿಕೊಂಡು ಕುಳಿತಿತ್ತು. ಕೆಳಗೆ ಎಂಜಿನ್ ಓಡುತ್ತಿತ್ತು. ಅದರ ಸದ್ದನ್ನು ಆಲಿಸಿ, ಕಂಪನವನ್ನು ಅಳೆದು, ಹೊಗೆಯನ್ನು ಮೂಸಿ, ಯಾವುದೇ ವಾಹನದ ಕಾಯಿಲೆಯನ್ನು ತಪ್ಪಿಲ್ಲದೆ ಹೇಳುವುದಕ್ಕಾಗಿಯೇ ಆ ಯಂತ್ರವನ್ನು ರೂಪಿಸಲಾಗಿತ್ತು. ಸ್ವಲ್ಪ ಹೊತ್ತಿನಲ್ಲಿ ಅದು ನ್ಯಾಯಾಧೀಶರ ದನಿಯಲ್ಲಿ ಘೋಷಿಸಿತು:

"ವಾಹನ ನಿರ್ದೋಷಿ."

"ಸುಳ್ಳು ಹೇಳ್ತೈತ್ರೀ ಇದು," ಎಂದಳು ಇಂದುಮತಿ ಹೊಂಗಲ.

ದೋಷದರ್ಶಕವನ್ನು ಕಂಡುಹಿಡಿದ ಡಾ. ಶ್ರೀಪಾದ ಗಲಗಲಿಯವರು ಬೆಚ್ಚಿಬಿದ್ದರು. ಧಾರವಾಡದ ವಾಹನ ಪರೀಕ್ಷಾ ಕೇಂದ್ರದಲ್ಲಿ ಈ ಮಾತನ್ನು ಈವರೆಗೆ ಯಾರೂ ಆಡಿರಲಿಲ್ಲ.

"ಅದಕ್ಕ ಸುಳ್ಳು ಹೇಳಾಕ ಬರೂದಿಲ್ಲ ಬಾಯಾರ. ನಿಮ್ಮ ಕಾರು ಆರಾಮ ಅದ."

"ಈಗ ಆರಾಮ ಐತ್ರೀ. ಮುಂಜಾನೆ ಥಂಡ್ಯಾಗ ಚಾಲೂ ಮಾಡಿ ಕಾಲ ಒತ್ತಿದ್ರ ಮುಗ್ಗರಸ್ತೈತಿ. ಉಸಿರು ಕಟ್ಟಿದವರ ಗತೆ ಮಾಡ್ತೈತಿ. ಬಿಸಿ ಆತಂದ್ರ ಏನೂ ಇಲ್ಲ."

ಆ ಕಾಲಕ್ಕೆ ಊರಿನ ಕಾರುಗಳೆಲ್ಲ ವಿದ್ಯುತ್ತಿನಿಂದ ತಾವೇ ಓಡುತ್ತಿದ್ದವು. ಮನುಷ್ಯರು ನಡೆಸುವ ಪೆಟ್ರೋಲ್ ಕಾರುಗಳು ಬೆರಳೆಣಿಕೆಯಷ್ಟು ಉಳಿದಿದ್ದವು. ಅವುಗಳಲ್ಲೊಂದು ಇಂದುಮತಿಯದು. ಶಾಲೆಯಲ್ಲಿ ಚಿತ್ರಕಲೆ ಕಲಿಸುತ್ತಿದ್ದ ಆಕೆಗೆ, ತನ್ನ ಕೈಯಲ್ಲಿ ಸ್ಟೇರಿಂಗ್ ಇಲ್ಲದ ಬಂಡಿಯಲ್ಲಿ ಕುಳಿತರೆ ತಲೆ ಸುತ್ತುತ್ತಿತ್ತು. ಆದರೆ ರಸ್ತೆಯುದ್ದಕ್ಕೂ ನೆಟ್ಟಿದ್ದ ಕಾವಲು ಕಣ್ಣುಗಳು ಆಕೆಯ ಕಾರು ಮುಗ್ಗರಿಸುವುದನ್ನು ಮೇಲಿಂದ ಮೇಲೆ ಕಂಡು, ದೋಷ ಸರಿಪಡಿಸದಿದ್ದರೆ ಕಾರನ್ನು ಗುಜರಿಯಲ್ಲಿ ಜಜ್ಜಿ ಮುದ್ದೆ ಮಾಡಲಾಗುವುದೆಂದು ಎಚ್ಚರಿಸಿದ್ದವು. ದೋಷವನ್ನು ಸರಿಪಡಿಸಬೇಕಾದರೆ ದೋಷದರ್ಶಕ ಅದನ್ನು ಗುರುತಿಸಬೇಕು. ದೋಷದರ್ಶಕವೋ ದೋಷವೇ ಇಲ್ಲ ಎನ್ನುತ್ತಿತ್ತು. ಕಾವಲು ಕಣ್ಣೂ ತಪ್ಪು ಮಾಡುವುದಿಲ್ಲ, ದೋಷದರ್ಶಕವೂ ತಪ್ಪು ಮಾಡುವುದಿಲ್ಲ, ಆದ್ದರಿಂದ ಎರಡೂ ಸರಿ ಎಂದು ಸಾರಿಗೆ ಇಲಾಖೆ ಲಿಖಿತ ಉತ್ತರ ಕೊಟ್ಟಿತ್ತು.

"ಒಂದ ರಾತ್ರಿ ಇಲ್ಲೇ ಬಿಟ್ಟು ಹೋಗ್ರಿ," ಎಂದರು ಗಲಗಲಿ.

ಅವಳು ಬಿಟ್ಟು ಹೋದಳು. ಮರುದಿನವೂ ಕಾರು ನಿರ್ದೋಷಿಯೇ ಆಗಿತ್ತು. ದೋಷದರ್ಶಕದ ಸೂಕ್ಷ್ಮ ಅಂಗಗಳು ಚಳಿಯನ್ನು ತಡೆಯಲಾರವು. ಅದಕ್ಕಾಗಿ ಪರೀಕ್ಷಾ ಕೇಂದ್ರವನ್ನು ಹಗಲಿರುಳು ಬೆಚ್ಚಗಿಡುತ್ತಿದ್ದರು. ಅಲ್ಲಿ ತಂಗಿದ ಯಾವ ಎಂಜಿನ್ನೂ ತಣ್ಣಗಾಗಲು ಸಾಧ್ಯವೇ ಇರಲಿಲ್ಲ.

"ಚಳಿಜ್ವರದವನ್ನ ಒಲಿ ಮುಂದ ಕೂಡ್ರಿಸಿ, ಚಳಿ ಇಲ್ಲ ಅಂದ್ಹಂಗಾತಲ್ರೀ," ಎಂದಳು ಇಂದುಮತಿ.

ಗಲಗಲಿಯವರು ಸಂಕೋಚದಿಂದ ಕನ್ನಡಕ ಒರೆಸಿಕೊಂಡರು. "ನಾಳೆ ನಾನ ನಿಮ್ಮ ಮನೀಗೆ ಬರ್ತೇನಿ. ಕಾರು ಮನೀಗೆ ಒಯ್ದ ಮ್ಯಾಲೆ ನಾ ಬರೂತನಕ ಚಾಲೂ ಮಾಡಬ್ಯಾಡ್ರಿ."

ಡಿಸೆಂಬರ್ ತಿಂಗಳ ಆ ಮುಂಜಾನೆ ಬಾಯಿಂದ ಹೊಗೆ ಬರುವಷ್ಟು ಚಳಿಯಿತ್ತು. ದೋಷದರ್ಶಕವನ್ನು ಹಸುಗೂಸಿನಂತೆ ಕಂಬಳಿಯಲ್ಲಿ ಸುತ್ತಿಕೊಂಡು ಬಂದ ಗಲಗಲಿಯವರು ಅದನ್ನು ಬಾನೆಟ್ಟಿನ ಮೇಲೆ ಕೂರಿಸಿದರು. ಅಷ್ಟರಲ್ಲಿ ಪಕ್ಕದ ಮನೆಯಿಂದ ಕೂಗು ಕೇಳಿಸಿತು.

"ಇಂದಕ್ಕಾ! ಇಂದಕ್ಕಾ!"

ತುಂಬು ಬಸುರಿ ಮೆಹರುನ್ನಿಸಾ ತನ್ನ ಸ್ವಚಾಲಿತ ಕಾರಿನಲ್ಲಿ ಕುಳಿತು ಬಾಗಿಲಿನ ಹಿಡಿಯನ್ನು ಬಿಗಿಯಾಗಿ ಹಿಡಿದಿದ್ದಳು. ಗಂಡ ಕೆಲಸದ ಮೇಲೆ ಬಿಜಾಪುರಕ್ಕೆ ಹೋಗಿದ್ದ. ಕಾರು ಮಾತ್ರ ಕದಲುತ್ತಿರಲಿಲ್ಲ. "ಪ್ರಯಾಣಿಕರ ನಾಡಿಬಡಿತ ಅಸ್ಥಿರವಾಗಿದೆ," ಎಂದು ಅದು ಇಂಪಾದ ದನಿಯಲ್ಲಿ ಹೇಳುತ್ತಿತ್ತು. "ದಯವಿಟ್ಟು ಶಾಂತರಾಗಿ. ತಾವು ಶಾಂತರಾದ ಕೂಡಲೇ ಹೊರಡೋಣ."

"ಹೆರಿಗಿ ಬ್ಯಾನಿ ತಿನ್ನಾಕಿ ಹ್ಯಾಂಗ ಶಾಂತ ಆಗ್ತಾಳ, ಹುಚ್ಚು ಮುಂಡೇದ!" ಎಂದು ಇಂದುಮತಿ ಆ ಕಾರಿಗೆ ಒದ್ದು, ಮೆಹರುನ್ನಿಸಾಳನ್ನು ಕರೆತಂದು ತನ್ನ ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿದಳು. "ಸರ, ಮುಂದ ಕೂಡ್ರಿ."

"ಪರೀಕ್ಷಾ ಇನ್ನೂ..."

"ಕೂಡ್ರೀ!"

ದೋಷದರ್ಶಕ ಬಾನೆಟ್ಟಿನ ಮೇಲೆ ಕುಳಿತಂತೆಯೇ ಕಾರು ಹೊರಟಿತು. ಗೇಟು ದಾಟುವಷ್ಟರಲ್ಲಿ ಮುಗ್ಗರಿಸಿತು. ಇಂದುಮತಿ ಕಾಲನ್ನು ಸಡಿಲಿಸಿ, ತುಸು ತಡೆದು, ಮೆಲ್ಲಗೆ ಮತ್ತೆ ಒತ್ತಿದಳು. ಸಪಾಟು ರಸ್ತೆಯಲ್ಲಿ ಈ ಉಪಾಯ ನಡೆಯಿತು. ಏರು ಬಂದಾಗ ನಡೆಯಲಿಲ್ಲ. ನಡು ಏರಿನಲ್ಲಿ ಎಂಜಿನ್ ಕೆಮ್ಮಿ, ನಡುಗಿ, ನಿಂತುಬಿಟ್ಟಿತು. ಹಿಂದಿನಿಂದ ಮೆಹರುನ್ನಿಸಾ ಜೋರಾಗಿ ನರಳಿದಳು.

ಆಗ ಬಾನೆಟ್ಟಿನ ಮೇಲಿಂದ ನ್ಯಾಯಾಧೀಶರ ದನಿ ಕೇಳಿಸಿತು. ಚಳಿಗೆ ಅದೂ ತೊದಲುತ್ತಿತ್ತು. "ದೋ... ದೋಷ ಪತ್ತೆಯಾಗಿದೆ. ಎಂಜಿನ್ ತಣ್ಣಗಿದೆ. ಬಿಸಿಯಾಗಿದೆಯೆಂದು ಉಷ್ಣಗ್ರಾಹಕ ವರದಿ ಮಾಡುತ್ತಿದೆ."

"ಹಂಗಂದ್ರ ಏನ್ರೀ?"

ಗಲಗಲಿಯವರ ಮುಖ ಅರಳಿತು. "ಥಂಡಿ ಎಂಜಿನ್ನಿಗೆ ಪೆಟ್ರೋಲ್ ಜಾಸ್ತಿ ಬೇಕು. ಥಂಡ್ಯಾಗ ಪೆಟ್ರೋಲ್ ಸರಿಯಾಗಿ ಆವಿ ಆಗೂದಿಲ್ಲ, ಅದಕ್ಕ. ಎಂಜಿನ್ ಎಷ್ಟು ಬಿಸಿ ಅದ ಅಂತ ಕಾರಿನ ಮಿದುಳಿಗೆ ಹೇಳೂದು ಉಷ್ಣಗ್ರಾಹಕ. ಅದು ಕೆಟ್ಟು, ಯಾವಾಗ್ಲೂ ಬಿಸಿ ಅದ ಅಂತನ ಹೇಳ್ಲಿಕ್ಕೆ ಹತ್ತೇದ. ಮಿದುಳು ನಂಬಿ ಪೆಟ್ರೋಲ್ ಕಡಿಮಿ ಬಿಡ್ತದ. ಎಂಜಿನ್ ಉಪವಾಸ!"

"ಪಾಠ ಆಮ್ಯಾಲೆ ಮಾಡ್ರಿ. ಈಗೇನ್ ಮಾಡೂದು?"

ಗಲಗಲಿಯವರು ಕೆಳಗಿಳಿದರು. ದೋಷದರ್ಶಕವನ್ನು ಕಂಕುಳಲ್ಲಿ ಇರುಕಿಕೊಂಡು ಬಾನೆಟ್ ಎತ್ತಿದರು. ಅದು ತೋರಿಸಿದ ಕಡೆ ಕೈಹಾಕಿ, ಮುಂಗೈ ತರಚಿಕೊಂಡು, ಉಷ್ಣಗ್ರಾಹಕದ ತಂತಿಯನ್ನು ಕಿತ್ತರು. ಗ್ರಾಹಕದಿಂದ ಸುದ್ದಿಯೇ ಬಾರದಾಗ ಮಿದುಳು ಎಂಜಿನ್ ತಣ್ಣಗಿದೆಯೆಂದು ಭಾವಿಸಿ ಕೈಬಿಚ್ಚಿ ಪೆಟ್ರೋಲ್ ಬಿಟ್ಟಿತು. ಇಂದುಮತಿ ಕೀಲಿ ತಿರುಗಿಸಿದಳು. ಕಾರು ಒಂದೇ ಉಸಿರಿಗೆ ಏರು ಹತ್ತಿತು.

ಆಸ್ಪತ್ರೆ ತಲುಪಿ ಚಹಾ ಕುಡಿಯುವುದರೊಳಗೆ ಹೆಣ್ಣುಮಗು ಹುಟ್ಟಿತು. ಯಂತ್ರಗಳಿಗಷ್ಟೇ ಡಾಕ್ಟರಾಗಿದ್ದ ಗಲಗಲಿಯವರು ತಮ್ಮ ಜೀವಮಾನದಲ್ಲಿ ಮೊದಲ ಬಾರಿಗೆ ಒಬ್ಬ ರೋಗಿಯ ಉಪಯೋಗಕ್ಕೆ ಬಂದ ಸಂತೋಷದಲ್ಲಿ ದಾದಿಯರಿಗೆಲ್ಲ ಪೇಢೆ ಹಂಚಿದರು. ಕಾರಿಗೆ ಹೊಸ ಉಷ್ಣಗ್ರಾಹಕ ಬಂತು. ಮುದ್ದೆಯಾಗುವ ಭೀತಿ ತಪ್ಪಿತು.

ಆದರೆ ದೋಷದರ್ಶಕ ತಾನು ಕಲಿತದ್ದನ್ನು ತನ್ನಲ್ಲೇ ಇಟ್ಟುಕೊಳ್ಳುವ ಯಂತ್ರವಲ್ಲ. ಪ್ರತಿಯೊಂದು ಹೊಸ ಪಾಠವನ್ನೂ ಅದು ಊರಿನ ಎಲ್ಲ ಕಾರುಗಳಿಗೆ ಕಳಿಸುತ್ತಿತ್ತು. ಆ ಮುಂಜಾನೆ ಅದು ಎರಡು ಪಾಠ ಕಲಿತಿತ್ತು. ಥಂಡಿಯಲ್ಲಿ ತುಸು ತಡೆದು ಹೊರಡುವುದು ನುರಿತ ಚಾಲನೆ. ಒಳಗಿನವರು ನರಳಿದರೆ ಏನನ್ನೂ ಕೇಳದೆ ಓಡಬೇಕು.

ಮರುವಾರದಿಂದ ಧಾರವಾಡದ ಕಾರುಗಳು ಮುಂಜಾನೆ ಗೇಟಿನಲ್ಲಿ ನಿಂತು ಧ್ಯಾನ ಮಾಡತೊಡಗಿದವು. ಬಿಸಿಯಾಗಬೇಕಾದ ಎಂಜಿನ್ ಅವುಗಳಲ್ಲಿ ಇರಲೇ ಇಲ್ಲ. ಯಂತ್ರ ತಪ್ಪಿದೆಯೆಂದು ಒಪ್ಪುವ ಪದ್ಧತಿ ಇಲಾಖೆಯಲ್ಲಿ ಇರದ ಕಾರಣ, ಇದಕ್ಕೆ 'ಪ್ರಭಾತ ಸಂಯಮ ಯೋಜನೆ' ಎಂದು ಹೆಸರಿಟ್ಟು, ಗಲಗಲಿಯವರಿಗೆ ಶಾಲು ಹೊದಿಸುವ ತೀರ್ಮಾನ ಮಾಡಿದರು.

ಊರ ಜನ ಎರಡನೆಯ ಪಾಠವನ್ನು ತಾವಾಗಿಯೇ ಕಂಡುಕೊಂಡರು. ಗಡಿಬಿಡಿಯಿದ್ದವರು ಹೊಟ್ಟೆ ಹಿಡಿದುಕೊಂಡು ನರಳಿದರೆ ಸಾಕು, ಕಾರು ಬಾಣದಂತೆ ಹೊರಡುತ್ತಿತ್ತು. ದಿಟವಾಗಿ ನೋವಿದ್ದವರಂತೂ ಇನ್ನು ಶಾಂತರಾಗಬೇಕಾದ ಅಗತ್ಯವಿರಲಿಲ್ಲ. ಆ ಚಳಿಗಾಲದಲ್ಲಿ ಆಸ್ಪತ್ರೆಗೆ ತಡವಾಗಿ ಬಂದವರು ಒಬ್ಬರೂ ಇಲ್ಲವೆಂದು ವೈದ್ಯರು ಅಚ್ಚರಿಪಟ್ಟರು.

ಒಂದು ದಿನ ಕೂಸಿಗೆ ಚುಚ್ಚುಮದ್ದು ಹಾಕಿಸಲು ಮೆಹರುನ್ನಿಸಾಳನ್ನು ಕರೆದೊಯ್ಯುತ್ತಿದ್ದ ಇಂದುಮತಿ, ಸಿಗ್ನಲ್ಲಿನಲ್ಲಿ ಪಕ್ಕದ ಕಾರಿನೊಳಗೆ ನೋಡಿ ಗಾಬರಿಯಾದಳು. ಜರಿ ಪೇಟ ಸುತ್ತಿಕೊಂಡ ಗಲಗಲಿಯವರು ಹೊಟ್ಟೆ ಹಿಡಿದು ಹೊರಳಾಡುತ್ತಿದ್ದರು.

"ಅಯ್ಯ ಸರ, ಏನಾತ್ರೀ?"

"ಏನೂ ಇಲ್ರೀ ಬಾಯಾರ," ಎಂದರು ಅವರು ಕಿಟಕಿ ಇಳಿಸಿ. "ಸನ್ಮಾನಕ್ಕ ಹೊಂಟೇನಿ, ಹೊತ್ತಾಗೇದ... ಅಯ್ಯಯ್ಯೋ! ಸತ್ತೆ!"

ದೀಪ ಹಸಿರಾಗುವ ಮೊದಲೇ ಕಾರು ಅವರನ್ನು ಹೊತ್ತುಕೊಂಡು ಓಡಿತು.